ತೆರೆದು ನೋಡಿದ ಮೇಲೆಯೇ ನಕಲು

ಈ ತೊಂದರೆ ಯಾವ ಊರಿನಲ್ಲಿಲ್ಲ ಹೇಳಿ. ಕಚೇರಿಯ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್. ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದು. ಗುಂಡಿ ಒತ್ತಿ, ಹೋಗಿ ಒಂದು ಲೋಟ ಚಹಾ ಕುಡಿದು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತದೆ. ಕಣ್ಣು ಬಿಟ್ಟ ಮೇಲೆ ದಿನಾ ಒಂದೇ ರಾಗ: ನನ್ನ ಆಪರೇಟಿಂಗ್ ಸಿಸ್ಟಂ ಹಳೆಯದಾಯಿತು, ಹೊಸದನ್ನು ಹಾಕಿಸಿ. ಅದರ ಕೆಳಗೆ 'ಆಮೇಲೆ' ಅಂತ ಒಂದು ಗುಂಡಿ. ನಾವೆಲ್ಲ ಒತ್ತುವುದು ಅದನ್ನೇ.

ಚೆರುಪರಂಬಿನ ಬೀರಾನ್‌ಕುಟ್ಟಿಯವರೂ ಆರು ತಿಂಗಳಿಂದ ಅದನ್ನೇ ಒತ್ತುತ್ತಿದ್ದರು.

ಮಲಪ್ಪುರಂ ಸೀಮೆಯ ಆ ಊರಲ್ಲಿ ಪಾಲಿಯೇಟಿವ್ ಘಟಕ ಅಂದರೆ ಊರಿನವರೇ ಸೇರಿ ನಡೆಸುವ ಆರೈಕೆ. ಹಾಸಿಗೆ ಹಿಡಿದವರು, ವಾಸಿಯಾಗದ ನೋವಿನವರು, ಇಂಥವರ ಮನೆಗೇ ಬೆಳಿಗ್ಗೆ ವ್ಯಾನು ಹೋಗುತ್ತದೆ. ಒಬ್ಬರು ನರ್ಸು, ಜೊತೆಗೆ ಇಬ್ಬರು ಊರವರು. ಅಂಚೆ ಕಚೇರಿಯಿಂದ ನಿವೃತ್ತರಾದ ಬೀರಾನ್‌ಕುಟ್ಟಿ ಅಲ್ಲಿ ಸಂಬಳವಿಲ್ಲದ ಕಾರ್ಯದರ್ಶಿ. ವಯಸ್ಸು ಅರವತ್ತೊಂಬತ್ತು. ಮಂಡಿ ನೋವು, ಸಕ್ಕರೆ ಕಾಯಿಲೆ, ಎರಡೂ ಇವೆ. ಅವರು ಕೆಲಸದಲ್ಲಿದ್ದಾಗಿನಿಂದಲೇ, ಹತ್ತೊಂಬತ್ತು ವರ್ಷದಿಂದ ಕಾಪಾಡಿಕೊಂಡು ಬಂದದ್ದು ಒಂದು ಪಟ್ಟಿ.

ಪಟ್ಟಿಯಲ್ಲಿ ಬರೀ ಹೆಸರು, ವಿಳಾಸ ಇದ್ದಿದ್ದರೆ ಯಾರು ಬೇಕಾದರೂ ಬರೆದುಕೊಳ್ಳಬಹುದಿತ್ತು. ಅದು ಹೀಗಿತ್ತು: 'ಕುಂಞಿಪ್ಪಾತುಮ್ಮ, ಪುಳಿಕ್ಕಲ್ ಮನೆ. ಹಳ್ಳ ದಾಟಿ ಎಡಕ್ಕೆ. ಮೂತ್ರದ ನಳಿಕೆ ಮೂರು ವಾರಕ್ಕೊಮ್ಮೆ ಬದಲಾಯಿಸಬೇಕು. ಮುಂಬಾಗಿಲು ತಟ್ಟಬೇಡಿ, ಹೆದರುತ್ತಾರೆ. ಅಡುಗೆಮನೆ ಕಡೆಯಿಂದ ಕೂಗಿ.' ಪ್ರತಿಯೊಬ್ಬರಿಗೂ ಇಂಥ ನಾಲ್ಕೈದು ಸಾಲು. ತೀರಿಕೊಂಡವರ ಹೆಸರನ್ನೂ ಅಳಿಸುವ ಪದ್ಧತಿ ಇರಲಿಲ್ಲ. ದಿನಾಂಕ ಹಾಕಿ ಕೆಳಗೆ ಇಳಿಸುತ್ತಿದ್ದರು, ಯಾಕೆಂದರೆ ಸಾವಿನ ನಂತರವೂ ಒಂದು ವರ್ಷ ಆ ಮನೆಗೆ ಹೋಗಿ ಮಾತಾಡಿಸಿ ಬರಬೇಕು. ಎಲ್ಲ ಒಂದೇ ಫೈಲಿನಲ್ಲಿ.

ಆ ವಾರ ಪಟ್ಟಿಯ ಮೇಲೆ ಹೊರೆ ಹೆಚ್ಚಿತ್ತು. ಹನ್ನೊಂದು ವರ್ಷ ಎಲ್ಲ ಮನೆಗಳನ್ನೂ ತಲೆಯಲ್ಲಿಟ್ಟುಕೊಂಡಿದ್ದ ನರ್ಸು ಸಿಂಧು ಸಿಸ್ಟರ್, ತಾಯಿ ಬಿದ್ದು ಸೊಂಟ ಮುರಿದುಕೊಂಡರೆಂದು ಪಾಲಕ್ಕಾಡಿಗೆ ಹೊರಟಿದ್ದರು. ಸೋಮವಾರದಿಂದ ಹೊಸ ನರ್ಸು. ಇಡುಕ್ಕಿ ಕಡೆಯ ಹುಡುಗಿ, ಹೆಸರು ಜಿಷಾ. ಊರಿನ ಒಂದು ಓಣಿಯೂ ಅವಳಿಗೆ ಗೊತ್ತಿಲ್ಲ.

"ಮೂವತ್ತೆಂಟು ಮನೆ ಬಾಯಲ್ಲಿ ಹೇಳಿ ಮುಗಿಯೋದಲ್ಲ ಕಾಕ," ಎಂದಿದ್ದರು ಸಿಂಧು. "ಹೇಗೂ ನಿಮ್ಮ ಪಟ್ಟಿ ಇದೆಯಲ್ಲ."

ಬುಧವಾರ ಬೆಳಿಗ್ಗೆ ವಿಲಾಸಿನಿ ಬಂದಳು. ಘಟಕದ ಪಕ್ಕದಲ್ಲೇ ಅವಳ ಟೈಪಿಂಗ್ ಅಂಗಡಿ. ಅರ್ಜಿ ತುಂಬುವುದು, ಮದುವೆ ಕಾಗದ ಅಚ್ಚು ಹಾಕುವುದು, ಕೆಟ್ಟ ಕಂಪ್ಯೂಟರ್ ಬಿಚ್ಚುವುದು, ಎಲ್ಲ ಮಾಡುತ್ತಾಳೆ. ಗುರುವಾರ ವ್ಯಾನಿನಲ್ಲಿ ಸೇವೆಗೂ ಹೋಗುತ್ತಾಳೆ.

"ಕಾಕ, ಸುತ್ತೋಲೆ ನೋಡಿದ್ರಾ? ನೋವಿನ ಮಾತ್ರೆ ತರಿಸೋ ವೆಬ್‌ಸೈಟು ಒಂದನೇ ತಾರೀಕಿಂದ ಹಳೇ ಸಿಸ್ಟಂನಲ್ಲಿ ತೆರೆಯಲ್ವಂತೆ."

"ನಡೀತಿರೋದನ್ನ ಯಾಕಮ್ಮ ಕೆದಕೋದು? ಇರಲಾರದೆ ಇರುವೆ ಬಿಟ್ಟುಕೊಂಡ್ರಂತೆ."

"ಇರುವೆ ನಾವು ಬಿಟ್ಕೊಳ್ತಿಲ್ಲ, ಅದೇ ಹತ್ತಿ ಬರ್ತಿದೆ. ಹಳೇ ಸಿಸ್ಟಂಗೆ ಇನ್ಮೇಲೆ ರಕ್ಷಣೆನೂ ಇಲ್ಲ. ಎಲ್ಲಿಂದಾದ್ರೂ ವೈರಸ್ ನುಗ್ಗಿದ್ರೆ ತಡೆಯೋರಿಲ್ಲ."

"ಸರಿ ಹಾಗಾದ್ರೆ. ಸೋಮವಾರ ವ್ಯಾನು ಹೊರಟ ಮೇಲೆ ಗುಂಡಿ ಒತ್ತಿ ಮಸೀದಿಗೆ ಹೋಗ್ತೀನಿ. ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ಬರೋದ್ರೊಳಗೆ ಅದೂ ಮುಗಿದಿರುತ್ತೆ. ನೋಡು, ಫೋನಿಗೆ ಯಾರೋ ಕೊಂಡಿನೂ ಕಳಿಸಿದ್ದಾರೆ, ಇದನ್ನ ಒತ್ತಿದ್ರೆ ಉಚಿತವಾಗಿ ಆಗುತ್ತಂತೆ."

ವಿಲಾಸಿನಿ ಫೋನು ಇಸಿದುಕೊಂಡು ಆ ಸಂದೇಶವನ್ನು ಅಳಿಸಿಯೇ ಬಿಟ್ಟಳು. "ಬಂದ ಬಂದ ಕೊಂಡಿ ಒತ್ತಬಾರದು ಕಾಕ. ಅದು ಬೀಗ ಬದಲಾಯಿಸ್ತೀನಿ ಅಂತ ಬಂದು ಮನೆ ನೋಡ್ಕೊಂಡು ಹೋಗೋರ ಕೆಲಸ. ಹೊಸ ಸಿಸ್ಟಂ ಬರೋದು ಕಂಪ್ಯೂಟರಿನ ಸೆಟ್ಟಿಂಗ್ಸ್ ಒಳಗಿಂದಲೇ. ಅದಕ್ಕೂ ಮೊದಲು ತಯಾರಿ ಬೇಕು. ಒಂದಿನ ಕೊಡಿ ನಂಗೆ."

"ನಂಗೆ ಸಾಕಾಗಿದೆ ವಿಲಾಸಿನಿ."

"ಗೊತ್ತು."

"ನಿಂಗೆ ಗೊತ್ತಿಲ್ಲ. ಈ ವರ್ಷ ಇಪ್ಪತ್ತಾರು ಹೆಸರು ಕೆಳಗೆ ಇಳಿಸಿದ್ದೀನಿ. ಇನ್ನು ಈ ಡಬ್ಬಿಗೂ ಶುಶ್ರೂಷೆ ಮಾಡೋ ಶಕ್ತಿ ನನಗಿಲ್ಲ."

ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. "ನಾನು ಹೇಳದೆ ಗುಂಡಿ ಒತ್ತಿದ್ರೆ, ನನ್ನಂಗಡೀಲಿ ಸಕ್ಕರೆ ಹಾಕಿದ ಚಹಾ ಕುಡಿಯೋ ವಿಷಯ ನಫೀಸಾತ್ತಾಗೆ ಹೇಳ್ತೀನಿ," ಎಂದಳು. ಬೀರಾನ್‌ಕುಟ್ಟಿ ಒಪ್ಪಿಕೊಂಡರು. ಹೆಂಡತಿ ನಫೀಸಾಳ ಬಾಯಿಗೆ ಬೀಳುವುದಕ್ಕಿಂತ ಕಂಪ್ಯೂಟರಿನ ತಯಾರಿಯೇ ಮೇಲು ಅನ್ನಿಸಿತು.

ಆ ರಾತ್ರಿ ಊಟಕ್ಕೆ ಬೇಯಿಸಿದ ಮರಗೆಣಸು, ಮೀನು ಸಾರು ಬಡಿಸುತ್ತ ನಫೀಸಾ ತನ್ನ ಹಳೇ ಮಾತನ್ನೇ ಎತ್ತಿದಳು. "ಹೊಸ ನರ್ಸು ಬರ್ತಾಳೆ, ಕಂಪ್ಯೂಟರಿಗೂ ಹೊಸದು ಹಾಕ್ತಾರೆ. ಹಳೇದು ಅಂತ ಉಳಿಯೋದು ನೀವೊಬ್ರೇ. ಬೀಗದಕೈ ಕೊಟ್ಟು ಬಂದುಬಿಡಿ ಅತ್ಲಾಗೆ."

"ಪಟ್ಟಿ ಯಾರಿಗೆ ಕೊಡ್ಲಿ?"

"ಪಟ್ಟಿ ಕಂಪ್ಯೂಟರಲ್ಲಿ ತಾನೇ ಇರೋದು? ನಿಮ್ಮ ಹೊಟ್ಟೇಲಿ ಅಲ್ವಲ್ಲ."

ಗುರುವಾರ ವ್ಯಾನು ವಾಪಸು ಬಂದ ಮೇಲೆ ವಿಲಾಸಿನಿ ಕುರ್ಚಿ ಎಳೆದುಕೊಂಡು ಕೂತಳು. ಮೊದಲು, ಹೊಸ ಸಿಸ್ಟಂ ಹೊರುವ ತಾಕತ್ತು ಈ ಯಂತ್ರಕ್ಕೆ ಇದೆಯೇ ಎಂದು ನೋಡಿದಳು. ಅದನ್ನು ಪರೀಕ್ಷಿಸುವ ವ್ಯವಸ್ಥೆ ಕಂಪ್ಯೂಟರಿನಲ್ಲೇ ಇರುತ್ತದೆ. ಕಷ್ಟದಲ್ಲಿ ಪಾಸಾಯಿತು. ಆದರೆ ಜಾಗ ಇರಲಿಲ್ಲ. ಅರವತ್ತು ಜಿಬಿ ಖಾಲಿ ಬೇಕಾದಲ್ಲಿ ಏಳು ಇತ್ತು.

"ಏನು ತುಂಬಿದ್ದೀರಿ ಕಾಕ ಇದರಲ್ಲಿ?"

ತುಂಬಿದ್ದು ಫೋಟೋ. ವರ್ಷಕ್ಕೊಮ್ಮೆ ರೋಗಿಗಳನ್ನೆಲ್ಲ ಗಾಲಿಕುರ್ಚಿಯಲ್ಲಿ ಕೂರಿಸಿ ಹೊಳೆದಂಡೆಗೆ ಕರೆದೊಯ್ದು ಬಿರಿಯಾನಿ ತಿನ್ನಿಸಿ ಹಾಡು ಹಾಡಿಸುವ ಕುಟುಂಬ ಸಂಗಮದ ಫೋಟೋ. ಒಂದೊಂದೂ ಐದೈದು ಕಡೆ. ವಿಲಾಸಿನಿ ಒಂದೊಂದೇ ತೆರೆದಳು. ಬೀರಾನ್‌ಕುಟ್ಟಿಗೆ ನೋಡಲು ಆಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಹತ್ತು ಮುಖದಲ್ಲಿ ಎಂಟು ಮುಖ ಈಗ ಇಲ್ಲ.

"ಅಳಿಸಬೇಡ," ಎಂದರು.

"ಅಳಿಸಲ್ಲ. ಹೊರಗಿನ ಡಿಸ್ಕಿಗೆ ಹಾಕಿ, ಅಲ್ಲಿ ಸರಿಯಾಗಿ ತೆರೀತಾ ನೋಡಿ, ಆಮೇಲೆ ಇಲ್ಲಿಂದ ತೆಗೀತೀನಿ. ಒಂದೇ ಫೋಟೋ ಐದು ಸಲ ಇರೋ ಕಡೆ ಒಂದನ್ನ ಮಾತ್ರ ಇಟ್ಕೊಳ್ತೀನಿ. ಪಟ್ಟಿಯ ನಕಲು ಇದೆಯಾ?"

ಬೀರಾನ್‌ಕುಟ್ಟಿ ಬೆಳಿಗ್ಗೆಯಿಂದ ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಅಂಗಿಯ ಒಳಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. "ಮೂರು ವರ್ಷದಿಂದ ಎದೆ ಮೇಲೇ ಇದೆ. ಪ್ರತಿ ಶುಕ್ರವಾರ ರಜೆ ಇದ್ರೂ ಬಂದು ನಕಲು ಮಾಡ್ತೀನಿ, ಜುಮಾ ನಮಾಜು ತಪ್ಪಿದ್ರೂ ಇದು ತಪ್ಪಲ್ಲ. ಅಂಚೆ ಇಲಾಖೆಯವನು ಕಣಮ್ಮ ನಾನು."

"ಬನ್ನಿ, ನಮ್ಮಂಗಡೀಲಿ ತೆರೆದು ನೋಡೋಣ."

"ಯಾಕೆ, ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ. ಪೆನ್‌ಡ್ರೈವ್ ಮೇಲಿಲ್ಲ."

ಅಂಗಡಿಯ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿದಳು. 'ಪಟ್ಟಿ' ಎಂಬ ಹೆಸರು ಕಾಣಿಸಿತು. ಬೀರಾನ್‌ಕುಟ್ಟಿ ಮೀಸೆ ಸವರಿಕೊಂಡರು. ಒತ್ತಿದರೆ ತೆರೆಯಲಿಲ್ಲ. ಫೈಲು ಸಿಗುತ್ತಿಲ್ಲ ಎಂದು ಬಂತು. ಮತ್ತೆ ಒತ್ತಿದರು, ಮತ್ತೆ ಅದೇ.

ವಿಲಾಸಿನಿ ಅದರ ಗಾತ್ರ ನೋಡಿದಳು. ಧ್ವನಿ ತಗ್ಗಿಸಿ ಹೇಳಿದಳು. "ಕಾಕ, ನೀವು ನಕಲು ಮಾಡಿರೋದು ತೆರೆ ಮೇಲಿರೋ ಚಿತ್ರನ. ಅದನ್ನ ಒತ್ತಿದ್ರೆ ಪಟ್ಟಿ ತೆರೆಯುತ್ತೆ ನಿಜ, ಆದರೆ ಅದು ಪಟ್ಟಿ ಅಲ್ಲ. ಪಟ್ಟಿ ಎಲ್ಲಿದೆ ಅಂತ ತೋರಿಸೋ ಕೈಮರ. ಊರು ಅಲ್ಲೇ ಇದೆ, ನೀವು ಕೈಮರ ಕಿತ್ಕೊಂಡು ಓಡಾಡ್ತಿದ್ದೀರಿ."

ಮೂರು ವರ್ಷ. ನೂರೈವತ್ತು ಶುಕ್ರವಾರ. ಬೀರಾನ್‌ಕುಟ್ಟಿಗೆ ಕಿವಿ ಬಿಸಿಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆ. ಸೋಮವಾರ ಗುಂಡಿ ಒತ್ತಿ ನಮಾಜಿಗೆ ಹೋಗುವವನಿದ್ದೆನಲ್ಲ ಎಂದುಕೊಂಡರು. ಬೆಂಚಿನ ಮೇಲೆ ಕೂತುಬಿಟ್ಟರು.

"ನಂಗೆ ಯಾರೂ ಹೇಳಿರಲಿಲ್ಲ," ಎಂದರು.

"ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ. ನಡೀರಿ, ನಿಜವಾದದ್ದನ್ನ ತರೋಣ."

ತಂದರು. ಈ ಸಲ ಫೈಲು ತೆರೆಯಿತು. ತೆರೆದದ್ದನ್ನು ನೋಡಿ ಬೀರಾನ್‌ಕುಟ್ಟಿ ತೆರೆಯ ಹತ್ತಿರ ಬಗ್ಗಿದರು. ಮಲಯಾಳವೂ ಅಲ್ಲ, ಇಂಗ್ಲಿಷೂ ಅಲ್ಲ. ಅಲ್ಪವಿರಾಮ, ಆವರಣ ಚಿಹ್ನೆ, ತಲೆಕೆಳಗಾದ ಅಕ್ಷರಗಳು ಪುಟದ ತುಂಬ ಚೆಲ್ಲಿದ್ದವು. ಹತ್ತೊಂಬತ್ತು ವರ್ಷದ ಹೆಸರುಗಳಲ್ಲಿ ಒಂದನ್ನೂ ಓದಲಾಗುತ್ತಿರಲಿಲ್ಲ.

"ಕೆಟ್ಟುಹೋಯ್ತಾ?"

"ಇಲ್ಲ ಕಾಕ, ಕೂತ್ಕೊಳ್ಳಿ. ನಿಮ್ಮ ಟೈಪ್‌ರೈಟರ್ ಬೆರಳು ಮಾಡಿರೋ ಕೆಲಸ ಇದು."

ವಿಷಯ ಇಷ್ಟೇ. ನಲವತ್ತು ವರ್ಷದ ಹಿಂದೆ ಬೀರಾನ್‌ಕುಟ್ಟಿ ಮಲಯಾಳ ಟೈಪ್‌ರೈಟಿಂಗ್ ಹೈಯರ್ ಪರೀಕ್ಷೆ ಪಾಸು ಮಾಡಿದ್ದರು. ಕಂಪ್ಯೂಟರ್ ಬಂದಾಗ, ಟೈಪ್‌ರೈಟರಿನ ಅದೇ ಕೀಲಿಗಳಿಗೆ ಹೊಂದುವ ಹಳೇ ಫಾಂಟನ್ನು ಹುಡುಕಿ ಹಾಕಿಸಿಕೊಂಡಿದ್ದರು. ಯಾವ ಕಂಪ್ಯೂಟರಿನಲ್ಲೂ ಓದಬರುವ ಯೂನಿಕೋಡಿಗೆ ಎಲ್ಲರೂ ಹೋದರೂ ಇವರು ಹೋಗಲಿಲ್ಲ. ಆ ಫಾಂಟು ಇದ್ದದ್ದು ಆ ಒಂದು ಯಂತ್ರದಲ್ಲಿ ಮಾತ್ರ. ಅದಿಲ್ಲದ ಕಡೆ ಅವರ ಪಟ್ಟಿ ಬರೀ ಕಸ.

"ಫೈಲು ಬಂತು, ಅದನ್ನ ಓದೋ ಕನ್ನಡಕ ಅಲ್ಲೇ ಉಳೀತು," ಎಂದಳು ವಿಲಾಸಿನಿ. "ಹೊಸ ಸಿಸ್ಟಂ ಹಾಕುವಾಗ ಈ ಹಳೇ ಫಾಂಟು ಉಳಿಯುತ್ತೆ ಅಂತ ಯಾರೂ ಬರೆದುಕೊಡಲ್ಲ. ಅದನ್ನೂ ನಕಲು ಮಾಡ್ಕೋಬೇಕು."

ಮತ್ತೆ ಪಕ್ಕದ ಘಟಕಕ್ಕೆ ಹೋಗಿ ಫಾಂಟನ್ನೂ ತಂದು ಹಾಕಿದಳು. ಕಸದ ಪುಟ ಅಕ್ಷರವಾಯಿತು. ಬೀರಾನ್‌ಕುಟ್ಟಿ ಮೊದಲ ಪುಟ ಓದಿದರು, ನಡುವಿನದು ಓದಿದರು, ಕೊನೆಯದು ಓದಿದರು. ಕಣ್ಣೊರೆಸಿಕೊಂಡು, ಸೆಕೆ ಎಂದರು. ಫ್ಯಾನು ತಿರುಗುತ್ತಿತ್ತು.

ಫೋಟೋಗಳ ಜೊತೆ ಹೊರಗಿನ ಡಿಸ್ಕಿಗೆ ಪಟ್ಟಿಯ, ಫಾಂಟಿನ ಒಂದು ನಕಲು, ಪೆನ್‌ಡ್ರೈವಿಗೆ ಇನ್ನೊಂದು. ಪಟ್ಟಿ ಪೂರ್ತಿ ಕಾಗದದ ಮೇಲೂ ಅಚ್ಚಾಯಿತು. ಮುದ್ರಣಯಂತ್ರದ ಸಾಫ್ಟ್‌ವೇರ್, ಮಾತ್ರೆ ತರಿಸುವ ವೆಬ್‌ಸೈಟಿನ ಗುಪ್ತಪದ, ಇವೆಲ್ಲ ಎಲ್ಲಿವೆ ಎಂದು ಬರೆದುಕೊಂಡದ್ದಾಯಿತು. ಕೊನೆಗೆ ವಿಲಾಸಿನಿ ತನ್ನ ಅಂಗಡಿಯ ಕಂಪ್ಯೂಟರಿನಿಂದ ಪಟ್ಟಿಯನ್ನು ಅಳಿಸಿದಳು. "ರೋಗಿಗಳ ವಿಷಯ ಅಂಗಡೀಲಿ ಬಿದ್ದಿರಬಾರದು. ಡಿಸ್ಕು ನಿಮ್ಮ ಕಪಾಟಲ್ಲಿ, ಬೀಗ ಹಾಕಿ. ಪೆನ್‌ಡ್ರೈವ್ ಮನೇಲಿ. ಎರಡೂ ಒಂದೇ ಕಡೆ ಬೇಡ."

ಶುಕ್ರವಾರ ರಜೆ. ಶನಿವಾರ ಮಧ್ಯಾಹ್ನ, ಕರೆಂಟು ಹೋದರೆ ಇರಲೆಂದು ಯುಪಿಎಸ್‌ನ ಬ್ಯಾಟರಿ ಬದಲಾಯಿಸಿ, ವಿಲಾಸಿನಿ ಗುಂಡಿ ಒತ್ತಿದಳು. ಬೀರಾನ್‌ಕುಟ್ಟಿ ನಮಾಜು ಮುಗಿಸಿ ಬಂದರು. ನೂರಕ್ಕೆ ಹತ್ತು ಆಗಿದೆ ಅಂತ ತೋರಿಸುತ್ತಿತ್ತು. ಸಂಜೆಯ ಅಸರ್ ನಮಾಜು ಮುಗಿಸಿ ಬಂದರು. ನಲವತ್ತು. ಅರವತ್ತೆರಡಕ್ಕೆ ಬಂದು ನಿಂತಿತು.

"ಆರಿಸಿ ಹಾಕೋಣ್ವಾ?" ಎಂದರು.

"ಮುಟ್ಟಬೇಡಿ. ಹಳೇ ಯಂತ್ರಕ್ಕೆ ಹೊತ್ತು ಹಿಡಿಯುತ್ತೆ."

ಇಬ್ಬರೂ ಕೂತರು. ಆರು ಗಂಟೆ ಹೊತ್ತಿಗೆ ಡಬ್ಬಿಯೊಳಗಿಂದ ಟಕ್ ಟಕ್ ಎಂದು ಶಬ್ದ ಬಂತು. ಸ್ವಲ್ಪ ಹೊತ್ತು ಬಡಿದು ನಿಂತಿತು. ತೆರೆ ಕಪ್ಪಾಗಿ, ಡಿಸ್ಕ್ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ವಿಲಾಸಿನಿ ಮುಚ್ಚಳ ಬಿಚ್ಚಿದಳು, ತಂತಿ ಬಿಗಿದಳು, ಮತ್ತೆ ಹಚ್ಚಿದಳು. ಏನೂ ಆಗಲಿಲ್ಲ.

"ಹೋಯ್ತು ಕಾಕ. ಡಿಸ್ಕು ಸತ್ತಿದೆ. ಇಷ್ಟು ಹೊತ್ತು ಒಂದೇ ಸಮ ದುಡಿಸಿದ್ದನ್ನ ಅದಕ್ಕೆ ತಡೆಯೋಕಾಗ್ಲಿಲ್ಲ."

"ನಾವು ಎಲ್ಲಾ ಸರಿಯಾಗೇ ಮಾಡಿದ್ವಲ್ಲ."

"ಮಾಡಿದ್ವಿ. ನಿಮಗೆ ನಾನು ಹೇಳಬೇಕಾ? ಎಲ್ಲಾ ಸರಿ ಮಾಡಿದ್ರೂ ಹೋಗೋದು ಹೋಗುತ್ತೆ. ಹೋಗೋಕೆ ಮುಂಚೆ ಮಾಡಬೇಕಾದ್ದು ಮಾಡಿದ್ವಾ, ಅಷ್ಟೇ ನೋಡೋದು."

ಬೀರಾನ್‌ಕುಟ್ಟಿಗೆ ಸುಸ್ತಾಗಿತ್ತು, ಅಳುವಷ್ಟು ಸುಸ್ತು. ಆದರೆ ಹೆದರಿಕೆ ಇರಲಿಲ್ಲ. ಎದ್ದು ಕಪಾಟಿನ ಬೀಗ ತೆಗೆದು ಹೊರಗಿನ ಡಿಸ್ಕು ಇದೆಯೇ ಎಂದು ನೋಡಿ, ಮತ್ತೆ ಬೀಗ ಹಾಕಿದರು.

ಭಾನುವಾರ ವಿಲಾಸಿನಿ ಪೇಟೆಯಿಂದ ಹೊಸ ಡಿಸ್ಕು ತಂದು ಕೂರಿಸಿ, ಖಾಲಿ ಯಂತ್ರಕ್ಕೆ ಹೊಸ ಸಿಸ್ಟಂ ಹಾಕಿದಳು. ಫಾಂಟು ಹಾಕಿದಳು, ಪಟ್ಟಿ ಇಳಿಸಿದಳು. ಇಡೀ ದಿನ ಹಿಡಿಯಿತು. ನಫೀಸಾ ಇಬ್ಬರಿಗೂ ಪತ್ತಿರಿ ಎಂಬ ಅಕ್ಕಿರೊಟ್ಟಿ, ಕೋಳಿ ಸಾರು ಕಳಿಸಿದಳು. ಜೊತೆಗೆ ಫೋನಿನಲ್ಲಿ ಒಂದು ಮಾತು: "ಆ ಪೆನ್‌ಡ್ರೈವ್ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೀನಿ. ಗಾಬರಿ ಬೇಡ ಅಂತ ಹೇಳ್ದೆ."

ಸೋಮವಾರ ಒಂಬತ್ತಕ್ಕೆ ವ್ಯಾನು ಹೊರಟಿತು. ಜಿಷಾಳ ಕೈಯಲ್ಲಿ ಆ ದಿನದ ಹನ್ನೆರಡು ಮನೆಗಳ ಪಟ್ಟಿ. ಎಳೇ ಮುಖ, ಹೊಸ ಚಪ್ಪಲಿ. ಬೀರಾನ್‌ಕುಟ್ಟಿ ಫೋನನ್ನು ಎದುರಿಗಿಟ್ಟುಕೊಂಡು ಕೂತರು.

ಹನ್ನೊಂದೂವರೆಗೆ ಅವಳ ಕರೆ ಬಂತು.

"ಕಾಕ, ನಾನು ವೇಲಾಯುಧನ್ ಅವರ ಮನೇಲಿದ್ದೀನಿ. ನೋವಿದೆಯಾ ಅಂತ ಕೇಳಿದೆ. ಇಲ್ಲ ಮಗಳೇ, ಏನೂ ಇಲ್ಲ ಅಂತ ನಕ್ಕರು. ಹೆಂಡತಿನೂ ನೋವಿಲ್ಲ ಅಂದ್ರು. ನಾನು ಚೀಟಿಗೆ ಗೀಟು ಹಾಕಿ ಏಳೋದ್ರಲ್ಲಿದ್ದೆ."

"ಆಮೇಲೆ?"

"ಪಟ್ಟೀಲಿ ಬರೆದಿದ್ರಲ್ಲ, 'ನೋವಿಲ್ಲ ಎಂದೇ ಹೇಳುತ್ತಾರೆ, ನಂಬಬೇಡಿ, ಬಲಗಾಲಿನ ಬೆರಳು ನೋಡಿ' ಅಂತ. ಹೊದಿಕೆ ಸರಿಸಿ ನೋಡಿದೆ. ಬೆರಳೆಲ್ಲ ಮಡಚಿ ಮುಷ್ಟಿ ಥರ ಬಿಗಿದಿತ್ತು. ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಹೆಚ್ಚಿಸಿದ್ದೀನಿ. ಅರ್ಧ ಗಂಟೆ ಇಲ್ಲೇ ಕೂತಿದ್ದೆ. ಈಗ ಬೆರಳು ಬಿಚ್ಚಿ ಮಲಗಿದ್ದಾರೆ."

ಬೀರಾನ್‌ಕುಟ್ಟಿ ಅಚ್ಚಾದ ಪಟ್ಟಿಯಲ್ಲಿ ಆ ಪುಟ ಹುಡುಕಿದರು. ಆ ಸಾಲನ್ನು ಎರಡು ವರ್ಷದ ಹಿಂದೆ, ಸಿಂಧು ಹೇಳಿದ್ದನ್ನು ಕೇಳಿ ಅವರೇ ಬರೆದದ್ದು. ಬರೆದದ್ದು ಮರೆತೇಹೋಗಿತ್ತು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸಂಘದ, ಶಾಲೆಯ, ಮನೆಯ ಹಳೇ ಕಂಪ್ಯೂಟರಿನಲ್ಲೂ ಇಂಥ ಒಂದು ಸಾಲು ಇದ್ದೇ ಇರುತ್ತದೆ. ನಿಮಗೆ ಸುಸ್ತಾಗಿದೆ, ಗೊತ್ತು. ಯಾರಿಗೆ ಆಗಿಲ್ಲ. ಆದರೂ ಹೊಸ ಸಿಸ್ಟಂಗೆ ಹೋಗುವ ಮೊದಲು ಒಂದು ದಿನ ಬಿಡುವು ಮಾಡಿಕೊಳ್ಳಿ. ಯಂತ್ರಕ್ಕೆ ತಾಕತ್ತಿದೆಯೇ, ಜಾಗವಿದೆಯೇ ನೋಡಿ. ಫೈಲಿನ ಜೊತೆ ಅದನ್ನು ಓದಲು ಬೇಕಾದ ಫಾಂಟನ್ನೂ ಎತ್ತಿಡಿ. ಎರಡು ನಕಲು ಮಾಡಿ, ಬೇರೆ ಬೇರೆ ಕಡೆ ಇಡಿ. ಮರುದಿನ ಅವಸರವಿರುವಾಗ ಗುಂಡಿ ಒತ್ತಬೇಡಿ. ಸಂದೇಶದಲ್ಲಿ ಬಂದ ಕೊಂಡಿಯನ್ನಂತೂ ಒತ್ತಲೇಬೇಡಿ.

ನಕಲು ಆಗಲೇ ಮಾಡಿಟ್ಟಿದ್ದೇನೆ ಅನ್ನುತ್ತೀರಾ? ಹಾಗಾದರೆ ಈ ಕಾಗದ ಮಡಚಿಟ್ಟು ಎದ್ದು ಹೋಗಿ, ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಒಂದು ಪುಟ ಓದಿ ಬನ್ನಿ.